ಮಕ್ಕಳ ಕನ್ನಡಕ್ಕೂ ಚಂದಾ ಕಟ್ಟಬೇಕೆ?

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂತಹ ಊರುಗಳಿಗೆ ಕೇಬಲ್ ಟಿ.ವಿ ಬರುವ ಮಾತೇ ಇರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆದವರು ಅಡಿಕೆ ತೋಟದ ಕಣಿವೆಗಳಿಗೆ ಇಳಿಯಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸೊಪ್ಪಿನ ಬೆಟ್ಟ ಹತ್ತಿಳಿಯಬೇಕಾದ ಕಡೆ ಯಾವ ಆಪರೇಟರನಿಗೂ ಲೆಕ್ಕ ಕುದುರುವುದಿಲ್ಲ. ಗುಡ್ಡದ ಮರೆಯಲ್ಲಿ ಕೂತ ಮನೆಗೆ ದೂರದರ್ಶನದ ಚಿತ್ರ ಸಿಗಬೇಕಾದರೂ ಆಂಟೆನಾ ಕಟ್ಟಿದ ಅಡಿಕೆ ದಬ್ಬೆಯನ್ನು ಯಾರಾದರೂ ಹಿಡಿದು ತಿರುಗಿಸುತ್ತಿರಬೇಕಿತ್ತು. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಶುರುವಾಯಿತು. ಬೆನ್ನಿಗೇ ಖಾಸಗಿ ಕಂಪನಿಗಳ ತಟ್ಟೆಗಳು ಮಾಡಿನ ಮೇಲೆ ಕೂತವು. ಹೀಗಾಗಿ ಈ ಭಾಗದ ಬಹಳ ಮನೆಗಳು ಕಂಡ ಮೊದಲ ಬಹುವಾಹಿನಿ ಟಿ.ವಿ.ಯೇ ರೀಚಾರ್ಜ್ ಮಾಡಿಸಬೇಕಾದ ಟಿ.ವಿ. ಕನ್ನಡದ ಮಕ್ಕಳ ವಾಹಿನಿಯೂ ಇಲ್ಲಿಗೆ ಬಂದದ್ದು ಅದೇ ದಾರಿಯಲ್ಲಿ.

ಆ ವಾಹಿನಿಯ ಹೆಸರು ಚಿಂಟು. ಸನ್ ಸಮೂಹ 2007ರಲ್ಲಿ ತಮಿಳಿನಲ್ಲಿ ‘ಚುಟ್ಟಿ’ ಆರಂಭಿಸಿತು. ಅದು ಗೆದ್ದಿತು. 2011ರಲ್ಲಿ ಮಲಯಾಳದ ‘ಕೊಚ್ಚು’ ಬರುವ ಹೊತ್ತಿಗೆ ದಕ್ಷಿಣದ ನಾಲ್ಕೂ ಭಾಷೆಗಳಿಗೆ ಒಂದೊಂದು ಮಕ್ಕಳ ವಾಹಿನಿ ಆ ಸಮೂಹದ ಕೈಯಲ್ಲಿತ್ತು. ಕನ್ನಡದ ಪಾಲಿಗೆ ಬಂದದ್ದು ಚಿಂಟು. ಅದೇ ಸಮೂಹದ ಉದಯ ಟಿ.ವಿ 1994ರಲ್ಲಿ ಶುರುವಾದ ಮೇಲೂ ಕನ್ನಡದ ಮಕ್ಕಳಿಗೆ ತಮ್ಮದೇ ವಾಹಿನಿ ಸಿಗಲು ಒಂದೂವರೆ ದಶಕದಷ್ಟು ಕಾಲ ಹಿಡಿಯಿತು. ಬಂದದ್ದೂ ನಾವು ಕೇಳಿದ್ದಕ್ಕಲ್ಲ, ಚೆನ್ನೈನಲ್ಲಿ ಕೂತವರಿಗೆ ನಾಲ್ಕು ರಾಜ್ಯಗಳ ಮಾರುಕಟ್ಟೆ ಒಟ್ಟಿಗೆ ಕಂಡಿದ್ದಕ್ಕೆ. ಒಂದೇ ಕಾರ್ಟೂನನ್ನು ಕೊಂಡು ನಾಲ್ಕು ಭಾಷೆಯ ಧ್ವನಿ ಕೂರಿಸಿದರೆ ಕಂತಿನ ಖರ್ಚು ನಾಲ್ಕು ಪಾಲಾಗುತ್ತದೆ. ವ್ಯಾಪಾರವಾಗಿ ಅದರಲ್ಲಿ ತಪ್ಪೇನಿಲ್ಲ.

ಚಿಂಟುವಿನ ಒಂದು ಸಾಧನೆಯನ್ನು ಮಾತ್ರ ಯಾರೂ ಸರಿಯಾಗಿ ಗುರುತಿಸಿಲ್ಲ ಎಂಬುದು ನನ್ನ ದೂರು. 1960ರ ದಶಕದಲ್ಲಿ ಅನಕೃ ಮೊದಲಾದವರು ನಡೆಸಿದ ಚಳವಳಿಯ ನಂತರ ಕನ್ನಡಕ್ಕೆ ಡಬ್ಬಿಂಗ್ ಎಂಬುದು ಕಾನೂನಿಲ್ಲದೆಯೂ ಜಾರಿಯಲ್ಲಿದ್ದ ನಿಷೇಧವಾಗಿತ್ತು. ಮದ್ರಾಸಿನ ನೆರಳಿನಲ್ಲಿದ್ದ ಕನ್ನಡ ಚಿತ್ರೋದ್ಯಮಕ್ಕೆ ಅಂದು ಅದರ ಅಗತ್ಯವಿತ್ತು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಆದರೆ 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಪ್ರಸಾರವಾದಾಗ ಕನ್ನಡದಲ್ಲಿ ಅದಕ್ಕೆ ಅಡ್ಡಿಯಾಯಿತು. ಕನ್ನಡ ಗ್ರಾಹಕರ ಕೂಟ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿತು. 2015ರ ಜುಲೈನಲ್ಲಿ ಆಯೋಗ ಫಿಲಂ ಚೇಂಬರ್ ಮತ್ತಿತರ ಸಂಸ್ಥೆಗಳ ವಿರುದ್ಧ ಆದೇಶ ಕೊಟ್ಟು ದಂಡ ಹಾಕಿತು. ಡಬ್ ಆದ ಸಿನಿಮಾ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂದದ್ದು 2017ರಲ್ಲಿ. ಡಬ್ ಆದ ಧಾರಾವಾಹಿಗಳು ಮನೆಮನೆಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ, ಶೂಟಿಂಗ್ ನಿಂತುಹೋದಾಗ. ಇಷ್ಟೆಲ್ಲ ಜಗಳ ನಡೆಯುತ್ತಿದ್ದಾಗ, ಅದರ ಬಿಸಿಯೇ ತಟ್ಟದ ಮೂಲೆಯೊಂದರಲ್ಲಿ, ಹೊರಗಿನ ಗೊಂಬೆಗಳು ದಿನವಿಡೀ ಕನ್ನಡ ಮಾತಾಡುತ್ತಿದ್ದವು. ದೊಡ್ಡವರಿಗೆ ಇಲ್ಲದ ಸೌಕರ್ಯ ಐದು ವರ್ಷದವರಿಗೆ ಇತ್ತು. ಹೊರಗಿನ ಕಥೆ ಕನ್ನಡದಲ್ಲಿ ಬಂದರೆ ಕನ್ನಡ ಕೆಡುತ್ತದೆ ಎಂಬ ವಾದಕ್ಕೆ ಆ ಮಕ್ಕಳೇ ಉತ್ತರವಾಗಿದ್ದರು. ಅವರ ಸಾಕ್ಷ್ಯ ಕೇಳುವ ಯೋಚನೆ ವಾದ ಮಾಡಿದ ಎರಡೂ ಪಕ್ಷಗಳಿಗೆ ಬರಲಿಲ್ಲ.

ಅದೇ ಕಾಲದಲ್ಲಿ ಪಕ್ಕದ ನಂಬರಿನ ವಾಹಿನಿಗಳಲ್ಲಿ ಏನಿತ್ತು ಎಂದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಛೋಟಾ ಭೀಮ್ 2008ರಲ್ಲಿ ಬಂದ, ಮೋಟು ಪತ್ಲು 2012ರಲ್ಲಿ. ಡೊರೇಮಾನ್ ಅದಕ್ಕೂ ಮೊದಲೇ ಹಿಂದಿ ಕಲಿತಿದ್ದ. ರಾಜ್ಯದ ಶಾಲೆಯಲ್ಲಿ ಹಿಂದಿ ಪಾಠ ಶುರುವಾಗುವುದು ಆರನೇ ತರಗತಿಗೆ. ಮನೆಯಲ್ಲಿ ಹವ್ಯಕ ಕನ್ನಡ, ಅಂಗನವಾಡಿಯಲ್ಲಿ ಪಠ್ಯದ ಕನ್ನಡ ಕೇಳಿ ಬೆಳೆಯುವ ಘಟ್ಟದ ಮೇಲಿನ ಮಗು ಆರನೇ ತರಗತಿಗೆ ಹೋಗುವ ಮೊದಲೇ ಹಿಂದಿಯಲ್ಲಿ ಜಗಳ ಆಡುವುದನ್ನು ಕಲಿತಿತ್ತು. ಅಪ್ಪ ಅಮ್ಮ ಅದನ್ನು ಜಾಣತನವೆಂದು ನೆಂಟರ ಮುಂದೆ ಹೇಳಿಕೊಂಡರು. ಮಗುವಿಗೆ ಇನ್ನೊಂದು ಭಾಷೆ ಬಂದರೆ ನಷ್ಟವಿಲ್ಲ. ಆದರೆ ಆಟ, ಸಾಹಸ, ತಮಾಷೆ ಇರುವುದು ಹಿಂದಿಯಲ್ಲಿ, ಕನ್ನಡವೆಂದರೆ ಹೋಂವರ್ಕ್ ಎಂಬ ಭಾವನೆ ಒಮ್ಮೆ ಕೂತರೆ ಅದನ್ನು ಯಾವ ರಾಜ್ಯೋತ್ಸವವೂ ಕೀಳಲಾರದು. ಚಿಂಟು ಒಂದಿಷ್ಟು ಮಕ್ಕಳ ಮಟ್ಟಿಗಾದರೂ ಇದನ್ನು ತಡೆಯಿತು.

ಇಷ್ಟು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಇಷ್ಟು ವರ್ಷಗಳಲ್ಲಿ ಕನ್ನಡ ನಾಡಿನಲ್ಲೇ ಹುಟ್ಟಿ, ನೆರೆಯ ಭಾಷೆಗಳಿಗೂ ಹೋದ ಒಂದು ಪಾತ್ರವನ್ನು ಈ ವಾಹಿನಿ ಕೊಡಲಿಲ್ಲ. ಬಾಲಮಂಗಳ, ತುಂತುರುವಿನಂಥ ಪತ್ರಿಕೆಗಳು ಹಳ್ಳಿಯ ಅಂಚೆ ಚೀಲದಲ್ಲಿ ಬರುತ್ತಿದ್ದ ಕಾಲದಲ್ಲಿ ಕನ್ನಡದ ಬರಹಗಾರರಿಗೂ ಚಿತ್ರಕಾರರಿಗೂ ಅಲ್ಲಿ ಕೆಲಸವಿತ್ತು. ವಾಹಿನಿ ಬಂದಾಗ ಕೆಲಸ ಸಿಕ್ಕಿದ್ದು ಮುಖ್ಯವಾಗಿ ಧ್ವನಿ ಕೊಡುವವರಿಗೆ. 2021ರಲ್ಲಿ ರಾಮೋಜಿ ಸಮೂಹದ ‘ಈಟಿವಿ ಬಾಲಭಾರತ್’ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಒಟ್ಟಿಗೆ ಬಂತು. ಅದರ ಮೂಲವೂ ಹೈದರಾಬಾದು. ಕನ್ನಡದ ಮಗುವಿನ ತೆರೆಯನ್ನು ಬೆಂಗಳೂರು, ಧಾರವಾಡ, ಮೈಸೂರಿನಲ್ಲಿ ಕೂತ ಯಾರೂ ರೂಪಿಸುತ್ತಿಲ್ಲ.

ಯಾಕೆ ಹೀಗೆ ಎಂಬುದಕ್ಕೆ ಉತ್ತರ ಪೇ ಚಾನೆಲ್ಲಿನ ಲೆಕ್ಕಾಚಾರದಲ್ಲಿದೆ. 2019ರಲ್ಲಿ ಟ್ರಾಯ್ ಹೊಸ ದರಪಟ್ಟಿ ಜಾರಿಗೆ ತಂದಾಗ ಪ್ರತಿ ವಾಹಿನಿಗೂ ಬಿಡಿ ಬೆಲೆ ಬಂತು. ಚಿಂಟುವಿನ ಬೆಲೆ ಆಗ ತಿಂಗಳಿಗೆ 6 ರೂಪಾಯಿ. ಅದಕ್ಕೆ ಮೊದಲು ನೂರು ವಾಹಿನಿಗಳ ಜಾಗಕ್ಕೆಂದು 130 ರೂಪಾಯಿ, ಮೇಲೆ ತೆರಿಗೆ ಕಟ್ಟಬೇಕಿತ್ತು. ಬಿಡಿಯಾಗಿ ಚಿಂಟು ಒಂದನ್ನೇ ಆರಿಸಿಕೊಂಡ ಮನೆ ಇದ್ದರೆ ಅದು ಅಪರೂಪದ ಮನೆ. ಅದು ಉದಯದ ಗೊಂಚಲಿನಲ್ಲಿ ಬರುತ್ತಿತ್ತು. ಗೊಂಚಲು ಇರಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದವರು ಸಂಜೆಯ ಧಾರಾವಾಹಿ ನೋಡುವ ಹಿರಿಯರು. ಅಂದರೆ ಮಗು ಆ ವಾಹಿನಿಯ ವೀಕ್ಷಕ, ಗ್ರಾಹಕನಲ್ಲ. ಗೊಂಚಲಿನಲ್ಲಿ ಹೇಗೂ ಬರುವ ವಾಹಿನಿಗೆ ಹೆಚ್ಚು ಖರ್ಚು ಮಾಡಿ ಹೊಸದನ್ನು ಕಟ್ಟುವ ಒತ್ತಡ ಮಾಲೀಕನಿಗೆ ಎಲ್ಲಿಂದ ಬರಬೇಕು? ಜಾಹೀರಾತುದಾರನಿಗೂ ಅಷ್ಟೇ. ಚಾಕೊಲೇಟು, ಬಿಸ್ಕತ್ತು, ಪೌಡರ್ ಹಾಲಿನಾಚೆ ಅವನಿಗೆ ಆ ಹೊತ್ತಿನಲ್ಲಿ ಮಾರಲು ಏನೂ ಇಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಬ್ರಿಟನ್ನಿನಲ್ಲಿ ಮಕ್ಕಳಿಗೆಂದೇ ಮೊದಲ ಉಪಗ್ರಹ ವಾಹಿನಿ ‘ದಿ ಚಿಲ್ಡ್ರನ್ಸ್ ಚಾನೆಲ್’ 1984ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕೇಬಲ್ ಇದ್ದ ಮನೆಗಳೇ ಆಗ ಅಲ್ಲಿ ಬೆರಳೆಣಿಕೆ. 1993ರಲ್ಲಿ ಅದು ಸ್ಕೈನ ಚಂದಾ ಗೊಂಚಲಿಗೆ ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ನಿಕೆಲೋಡಿಯನ್ನೂ ಕಾರ್ಟೂನ್ ನೆಟ್‌ವರ್ಕೂ ಅಲ್ಲಿಗೆ ಬಂದಿಳಿದವು. ಐದು ವರ್ಷ ಹೆಣಗಿದ ವಾಹಿನಿ 1998ರ ಏಪ್ರಿಲ್‌ನಲ್ಲಿ ಮುಚ್ಚಿತು. ಗೆದ್ದ ದೊಡ್ಡವರಾದರೂ ಎಲ್ಲರೂ ಉಳಿದರೇ? ಡಿಸ್ನಿ ತನ್ನ ಬ್ರಿಟಿಷ್ ವಾಹಿನಿಯನ್ನು 2020ರ ಸೆಪ್ಟೆಂಬರ್ ಕೊನೆಗೆ ನಿಲ್ಲಿಸಿ, ಬೇಕಿದ್ದರೆ ತನ್ನ ಆ್ಯಪಿಗೆ ಬನ್ನಿ ಎಂದಿತು. ಐಟಿವಿಯ ಮಕ್ಕಳ ವಾಹಿನಿ ಉಚಿತವಾಗಿದ್ದರೂ ಜಾಹೀರಾತನ್ನೇ ನಂಬಿತ್ತು. 2023ರ ಸೆಪ್ಟೆಂಬರಿನಲ್ಲಿ ಅದೂ ನಿಂತಿತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆ 2007ರಿಂದ ಹಂತಹಂತವಾಗಿ ನಿಷೇಧಿಸಿದಾಗಲೇ ವಾಣಿಜ್ಯ ವಾಹಿನಿಗಳು ಮಕ್ಕಳಿಗಾಗಿ ಹೊಸದನ್ನು ಮಾಡಿಸುವುದನ್ನು ಕಡಿಮೆ ಮಾಡಿದ್ದವು. ನಿಷೇಧ ಸರಿಯಾದದ್ದೇ. ಆದರೆ ಮಕ್ಕಳ ಟಿ.ವಿ ಎಷ್ಟರಮಟ್ಟಿಗೆ ಸಿಹಿತಿಂಡಿಯ ದುಡ್ಡಿನ ಮೇಲೆ ನಿಂತಿತ್ತು ಎಂಬುದು ಅದರಿಂದ ಬಯಲಾಯಿತು.

ಅಲ್ಲಿ ಗಟ್ಟಿಯಾಗಿ ಉಳಿದದ್ದು ಬಿಬಿಸಿ. ಮನೆಮನೆಯ ಲೈಸೆನ್ಸ್ ಶುಲ್ಕದಿಂದ ನಡೆಯುವ ಆ ಸಂಸ್ಥೆ 2002ರ ಫೆಬ್ರುವರಿಯಲ್ಲಿ ಜಾಹೀರಾತಿಲ್ಲದ ಎರಡು ವಾಹಿನಿ ತೆರೆಯಿತು, ಒಂದು ಪುಟ್ಟ ಮಕ್ಕಳಿಗೆ, ಇನ್ನೊಂದು ಶಾಲೆಗೆ ಹೋಗುವವರಿಗೆ. ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟುತ್ತಿದ್ದ ನಮ್ಮ ಹಿರಿಯರಿಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಬ್ರಿಟನ್ನಿನಲ್ಲಿ ಸಾರ್ವಜನಿಕ ಪ್ರಸಾರ ಮೊದಲು ಬಂತು, ಪೇ ಚಾನೆಲ್ ಅದರ ಪಕ್ಕದಲ್ಲಿ ಅಂಗಡಿ ಹಾಕಿತು. ಕನ್ನಡದಲ್ಲಿ ಮಕ್ಕಳ ಮಟ್ಟಿಗೆ ಇರುವುದು ಅಂಗಡಿ ಮಾತ್ರ.

ದೂರದರ್ಶನ ಏನೂ ಮಾಡಲಿಲ್ಲವೇ ಎಂದರೆ ಮಾಡಿತು, ಬೇರೆ ಭಾಷೆಯಲ್ಲಿ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದದ್ದು ಆಗುಂಬೆಯಲ್ಲಿ, ನಟಿಸಿದವರಲ್ಲಿ ಬಹುಮಂದಿ ನಮ್ಮವರು, ಮಳೆಯೂ ಮಲೆನಾಡಿನದು. 1980ರ ದಶಕದಲ್ಲಿ ದೇಶ ಅದನ್ನು ನೋಡಿದ್ದು ಹಿಂದಿಯಲ್ಲಿ. ಸ್ವಾಮಿ ಮತ್ತವನ ಗೆಳೆಯರು ಟಿ.ವಿ.ಯಲ್ಲಿ ಕನ್ನಡ ಮಾತಾಡಿದ್ದು 2020ರಲ್ಲಿ, ಅದೂ ಖಾಸಗಿ ವಾಹಿನಿಯ ಕೃಪೆಯಿಂದ. ಆ ಹೊತ್ತಿಗೆ ಅದನ್ನು ಮೊದಲು ನೋಡಿದ ಮಕ್ಕಳ ಮಕ್ಕಳು ಹೈಸ್ಕೂಲಿನಲ್ಲಿದ್ದರು. ದೂರದರ್ಶನದ ಕನ್ನಡ ವಾಹಿನಿ ಚಂದನ ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮವನ್ನು 2002ರಿಂದ ನಡೆಸಿಕೊಂಡು ಬಂದಿದೆ. ಜಾಹೀರಾತಿನ ಅಬ್ಬರವಿಲ್ಲದೆ, ಪುಸ್ತಕವನ್ನೇ ಬಹುಮಾನವಾಗಿ ಕೊಟ್ಟು ಜನರನ್ನು ಹಿಡಿದಿಡಬಹುದು ಎಂದು ತೋರಿಸಿದ್ದು ಅದೇ ವಾಹಿನಿ. ಆ ವಿಶ್ವಾಸ ಎಂಟು ವರ್ಷದವರ ಕಡೆಗೆ ಯಾಕೆ ತಿರುಗಲಿಲ್ಲ?

ಕೋವಿಡ್ ಕಾಲ ಈ ಕೊರತೆಯನ್ನು ಪರೀಕ್ಷೆಗೆ ಒಡ್ಡಿತು. 2020ರ ಏಪ್ರಿಲ್‌ನಲ್ಲಿ ಶಿಕ್ಷಣ ಇಲಾಖೆ ‘ಮಕ್ಕಳವಾಣಿ’ ಎಂಬ ಯೂಟ್ಯೂಬ್ ವಾಹಿನಿ ತೆರೆಯಿತು. ಕಥೆ, ಹಾಡು, ಕರಕುಶಲ ಎಲ್ಲ ಇತ್ತು. ಆಶಯ ಚೆನ್ನಾಗಿತ್ತು, ಮಾಧ್ಯಮದ ಆಯ್ಕೆ ಮಾತ್ರ ಪೇಟೆಯವರದು. ಅದೇ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ವಿದ್ಯಾರ್ಥಿಗಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ, ಮಳೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಪಾಠ ಕೇಳುತ್ತಿದ್ದರು. ಜುಲೈನಲ್ಲಿ ಚಂದನದಲ್ಲಿ ‘ಸೇತುಬಂಧ’ ಪಾಠಗಳು ಶುರುವಾದಾಗಲೇ ಹಳ್ಳಿ ಮನೆಗಳಿಗೆ ಏನಾದರೂ ತಲುಪಿದ್ದು. ಆದರೆ ಅದು ಪ್ರೌಢಶಾಲೆಯವರಿಗೆ, ಪಾಠಕ್ಕಷ್ಟೇ. ಸರ್ಕಾರ ಮನಸ್ಸು ಮಾಡಿದರೆ ಕೆಲವೇ ವಾರಗಳಲ್ಲಿ ಚಂದನದಲ್ಲಿ ಮಕ್ಕಳಿಗೆ ಹೊತ್ತು ಸಿಗುತ್ತದೆ ಎಂಬುದು ಅಂದು ಸಾಬೀತಾಯಿತು. ಶಾಲೆ ತೆರೆದದ್ದೇ ಆ ಹೊತ್ತೂ ಹೋಯಿತು.

ಡಿಟಿಎಚ್ ಎಂದರೆ ಎಲ್ಲೆಡೆ ಸಿಗುವ ಟಿ.ವಿ ಎನ್ನುವವರು ಆಷಾಢದಲ್ಲಿ ಘಟ್ಟಕ್ಕೊಮ್ಮೆ ಬರಬೇಕು. ಆ ತಟ್ಟೆಗಳು ಹಿಡಿಯುವ ಸೂಕ್ಷ್ಮ ತರಂಗಗಳನ್ನು ದಟ್ಟ ಮಳೆ ಹೀರಿಬಿಡುತ್ತದೆ. ಮಕ್ಕಳು ಹೊರಗೆ ಕಾಲಿಡಲಾಗದ ದಿನವೇ ತೆರೆ ನೀಲಿಯಾಗುತ್ತದೆ. ರೀಚಾರ್ಜಿನ ದಿನ ಮಾತ್ರ ಮಳೆಗೆ ಕಾಯುವುದಿಲ್ಲ. ಇದು ಉಚಿತ ಡಿಟಿಎಚ್‌ಗೂ ಇರುವ ತೊಂದರೆ, ಆದ್ದರಿಂದ ಕಂಪನಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಈಗ ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಫೈಬರ್ ಬರುತ್ತಿದ್ದಂತೆ ಮಕ್ಕಳು ಮೊಬೈಲಿಗೆ ಸರಿದಿದ್ದಾರೆ. ಅಲ್ಲಿ ಬೆಂಗಳೂರಿನ ಇನ್ಫೋಬೆಲ್ಸ್‌ನಂಥವರು ಮಾಡಿದ ಕನ್ನಡ ಶಿಶುಗೀತೆಗಳಿವೆ ಎಂಬುದು ಸಮಾಧಾನ. ಆದರೆ ಶಿಶುಗೀತೆಯ ವಯಸ್ಸು ದಾಟಿದ ಮೇಲೆ, ಏಳರಿಂದ ಹನ್ನೆರಡರ ನಡುವೆ, ಯೂಟ್ಯೂಬಿನ ಯಂತ್ರ ಮಗುವನ್ನು ಬಲುಬೇಗ ಕನ್ನಡದಿಂದಾಚೆ ಒಯ್ಯುತ್ತದೆ. ಟಿ.ವಿ.ಯಲ್ಲಿ ಮುಂದಿನ ಕಾರ್ಯಕ್ರಮವನ್ನು ಯಾರೋ ಒಬ್ಬರು ಯೋಚಿಸಿ ಇಟ್ಟಿರುತ್ತಿದ್ದರು, ಇಲ್ಲಿ ಅಂಥವರಿಲ್ಲ.

ಅಡಿಕೆಗೆ ನ್ಯಾಯವಾದ ಬೆಲೆ ಕೊಡದ ವ್ಯಾಪಾರವನ್ನು ಬೈದುಕೊಂಡು ಕೂರದೆ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದ ಸೀಮೆ ಇದು. ಮಾರುಕಟ್ಟೆ ಮಾಡದ ಕೆಲಸವನ್ನು ಜನ ಸೇರಿ ಮಾಡಬೇಕು ಎಂದು ಇಲ್ಲಿಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ವಾಹಿನಿ ಕಟ್ಟುವುದು ಒಂದು ತಾಲ್ಲೂಕಿನ ಸಂಘದ ಅಳತೆಗೆ ಮೀರಿದ್ದು, ಅದು ರಾಜ್ಯದ ಕೆಲಸ. ಅದಕ್ಕೆ ಬೇಕಾದ ಸಂಸ್ಥೆಗಳು ಈಗಾಗಲೇ ಇವೆ. ಧಾರವಾಡದಲ್ಲಿ ಬಾಲವಿಕಾಸ ಅಕಾಡೆಮಿ ಇದೆ. ಸಿದ್ದಾಪುರದಿಂದ ಅಷ್ಟೇನೂ ದೂರವಲ್ಲದ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಮಕ್ಕಳ ಯಕ್ಷಗಾನ ಮೇಳಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ 2018ರಲ್ಲಿ ತುಂಬಿದ ಚಿತ್ರಮಂದಿರಗಳಲ್ಲಿ ಓಡಿ, ಮಕ್ಕಳ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಮಕ್ಕಳ ಕಥೆಗೆ ಕನ್ನಡದಲ್ಲಿ ನೋಡುಗರಿಲ್ಲ ಎಂಬ ನೆಪವೂ ಅದರೊಂದಿಗೆ ಹೋಯಿತು. ಬ್ರಿಟನ್ನು 2019ರಲ್ಲಿ ಮಕ್ಕಳ ಕಾರ್ಯಕ್ರಮಗಳಿಗೆಂದು ಮೂರು ವರ್ಷದ ಅವಧಿಯ ನಿಧಿಯೊಂದನ್ನು ಸ್ಥಾಪಿಸಿ, ಉಚಿತ ವಾಹಿನಿಯಲ್ಲಿ ಪ್ರಸಾರವಾಗಬೇಕು ಎಂಬ ಷರತ್ತಿನ ಮೇಲೆ ನಿರ್ಮಾಪಕರಿಗೆ ದುಡ್ಡು ಕೊಟ್ಟಿತು. ಸಿನಿಮಾಕ್ಕೆ ಸಬ್ಸಿಡಿ ಕೊಟ್ಟು ಅಭ್ಯಾಸವಿರುವ ಕರ್ನಾಟಕಕ್ಕೆ ಇದು ಕಷ್ಟದ ದಾರಿಯಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಪ್ರಸಾರ ಭಾರತಿಯ ಜೊತೆ ಕೂತು ಚಂದನದಲ್ಲಿ ಪ್ರತಿ ಸಂಜೆ ಎರಡು ಗಂಟೆಯನ್ನು ಮಕ್ಕಳಿಗೆ ಬಿಡಿಸಿಕೊಳ್ಳಲಿ. ಅದರಲ್ಲಿ ಪಾಠ ಬೇಡ, ಕಥೆ ಇರಲಿ. ಪ್ರಸಾರವಾದದ್ದೆಲ್ಲ ಮರುದಿನವೇ ಅಂತರ್ಜಾಲದಲ್ಲಿ ಉಚಿತವಾಗಿ ಸಿಗಲಿ, ಮಳೆಗೆ ತಪ್ಪಿದ ಕಂತನ್ನು ತ್ಯಾಗಲಿಯ ಮಗು ಬಿಸಿಲು ಬಿದ್ದಾಗ ನೋಡಿಕೊಳ್ಳಲಿ. ಮುಂದಿನ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಸೇರಿಸಿ ಎಂದು ಉತ್ತರ ಕನ್ನಡದ ಶಾಸಕರು ಸದನದಲ್ಲಿ ಕೇಳಬೇಕು.