ಪಾಪ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಅಧ್ಯಾಪಕನಾಗಿ ಮೊದಲು ಹೋದದ್ದು ದಕ್ಷಿಣ ಕನ್ನಡದ ಒಂದು ಹಳ್ಳಿಗೆ. ಅದು 1986ರ ಮಳೆಗಾಲ. ಶಾಲೆ ತೆರೆದು ತಿಂಗಳಾದರೂ ಒಬ್ಬ ಹುಡುಗ ಪುಸ್ತಕ ತಂದಿರಲಿಲ್ಲ. ಕಾರಣ ಕೇಳಿದೆ. “ನಾವು ಪಾಪದವರು, ಸಾರ್” ಎಂದ. “ಅಂಥ ಪಾಪ ಏನಪ್ಪ ಮಾಡಿದ್ದೀರಿ?” ಎಂದು ನಾನು ನಕ್ಕುಬಿಟ್ಟೆ. ತರಗತಿಯಲ್ಲಿ ಬೇರೆ ಯಾರೂ ನಗಲಿಲ್ಲ. ಹುಡುಗ ತಲೆ ತಗ್ಗಿಸಿ ಕುಳಿತುಕೊಂಡ. ಕರಾವಳಿಯ ಕನ್ನಡದಲ್ಲಿ ಪಾಪದವರೆಂದರೆ ಬಡವರು ಎಂಬುದನ್ನು ಆ ಸಂಜೆ ಹಿರಿಯ ಸಹೋದ್ಯೋಗಿಯೊಬ್ಬರು ತಿಳಿಸಿದರು. ಕನ್ನಡದಲ್ಲಿ ಎಂ.ಎ. ಪದವಿ ಪಡೆದಿದ್ದ ನನಗೆ ಅಂದು ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ.

ಅಂದಿನಿಂದ ಈ ಎರಡಕ್ಷರದ ಮಾತಿನ ಮೇಲೆ ನನಗೊಂದು ಕಣ್ಣು. ಸಂಸ್ಕೃತದಲ್ಲಿ ಪಾಪವೆಂದರೆ ಕೆಟ್ಟ ಕೆಲಸ. ಆ ಅರ್ಥ ಕನ್ನಡಕ್ಕೂ ಬಂದಿದೆ. ಆದರೆ ಬಸ್ಸು ತಪ್ಪಿ ಬಿಸಿಲಿನಲ್ಲಿ ನಿಂತ ಮುದುಕಿಯನ್ನು ಕಂಡು ನಾವು “ಪಾಪ!” ಎನ್ನುವುದುಂಟಷ್ಟೆ. ಆಕೆ ಪಾಪಿಯೆಂದು ಅದರ ಅರ್ಥವೆ? ಕಷ್ಟವೆಲ್ಲವೂ ಹಿಂದೆ ಮಾಡಿದ ಪಾಪದ ಫಲವೆಂಬ ನಂಬಿಕೆಯಿಂದ ಈ ಬಳಕೆ ಹುಟ್ಟಿರಬಹುದೆಂದು ನನ್ನ ಊಹೆ. ನಂಬಿಕೆ ಸವೆದು ಮರುಕ ಉಳಿಯಿತು. ದೂಷಣೆಯ ಮಾತೊಂದು ಜನರ ನಾಲಗೆಯಲ್ಲಿ ದಯೆಯ ಮಾತಾಗಿ ಮಾರ್ಪಟ್ಟಿತು. ಇದನ್ನು ಅಪಭ್ರಂಶವೆಂದು ಹಳಿಯುವ ಪಂಡಿತರಿದ್ದರೆ ನಾನು ಅವರ ಪಕ್ಷದವನಲ್ಲ.

ಇನ್ನು ಎಳೆಯ ಮಗುವೂ ನಮಗೆ ಪಾಪವೇ. ಕೆಲವರು ಪಾಪು ಎನ್ನುತ್ತಾರೆ. ತಮಿಳರು ಪಾಪ್ಪಾ ಎನ್ನುತ್ತಾರೆ. ಇದಕ್ಕೂ ಸಂಸ್ಕೃತದ ಪಾಪಕ್ಕೂ ಸಂಬಂಧವಿಲ್ಲ. ಪಾಪೆ ಎಂದರೆ ಬೊಂಬೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿರಿ; ನಡುವಿನ ಕಪ್ಪಿನಲ್ಲಿ ನಿಮ್ಮದೇ ಪುಟ್ಟ ಬೊಂಬೆ ಕಾಣುತ್ತದೆ. ಆದುದರಿಂದಲೇ ಅದು ಕಣ್ಣುಪಾಪೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಪುಪಿಲ್ಲಾ’ ಎಂದು ಹೆಸರು. ಆ ಮಾತಿಗೆ ಪುಟ್ಟ ಹುಡುಗಿ ಎಂಬ ಅರ್ಥವೂ ಉಂಟು. ಸಂಸ್ಕೃತದ ಕನೀನಿಕಾ ಎಂಬುದರ ಅರ್ಥವೂ ಹೀಗೆಯೇ. ದೂರದೂರದ ಜನರು ಒಬ್ಬರನ್ನೊಬ್ಬರು ಕೇಳದೆ ಒಂದೇ ಚಿತ್ರವನ್ನು ಕಂಡಿದ್ದಾರೆ!

ಕನ್ನಡದ ಗಡಿ ದಾಟಿದರೆ, ದೀರ್ಘಹ್ರಸ್ವಗಳ ಅಲ್ಪ ವ್ಯತ್ಯಾಸದೊಡನೆ, ಈ ಮಾತು ಎಲ್ಲೆಲ್ಲೋ ಸಿಗುತ್ತದೆ. ಮರಾಠಿ ಮನೆಯಲ್ಲಿ ಪಾಪಾ ಎಂದರೆ ಮಗುವಿನ ಮುತ್ತು. ಯುರೋಪಿನ ಹಲವು ಭಾಷೆಗಳಲ್ಲಿ ತಂದೆ. ಇಟಲಿಯವರು ರೋಮಿನ ಜಗದ್ಗುರುಗಳನ್ನು, ಎಂದರೆ ಪೋಪರನ್ನು, ಕರೆಯುವುದೂ ಹಾಗೆಯೇ. ಸ್ಪ್ಯಾನಿಷ್ ನಾಡಿಗರು 16ನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ಹೋದಾಗ ಅಲ್ಲಿನ ಕೆಚುವಾ ಜನ ನೆಲದಿಂದ ಅಗೆದು ತಿನ್ನುತ್ತಿದ್ದ ಗೆಡ್ಡೆಯ ಹೆಸರೂ ಪಾಪಾ. ಅದೇ ನಮ್ಮ ಆಲೂಗೆಡ್ಡೆ. ಹೀಗಾಗಿ ಆ ಖಂಡದ ಸ್ಪ್ಯಾನಿಷಿನಲ್ಲಿ ಪೋಪರಿಗೂ ಆಲೂಗೆಡ್ಡೆಗೂ ಒಂದೇ ಹೆಸರು, ಲಿಂಗವೊಂದೇ ಬೇರೆ. ನ್ಯೂಜಿಲೆಂಡಿನ ಮಾವೊರಿ ಜನರಿಗೆ ಪಾಪಾ ಎಂದರೆ ಭೂತಾಯಿ. ಅವಳ ಪತಿ ಆಕಾಶನ ಹೆಸರು ರಂಗಿ.

ಇಂಥ ಸಾಮ್ಯಗಳನ್ನು ಕಂಡೊಡನೆ ಕೆಲವರಿಗೆ ಉತ್ಸಾಹ ಉಕ್ಕುತ್ತದೆ. ನಾಲ್ಕು ಮಾತು ಹೋಲುವುದನ್ನು ಹಿಡಿದು, ಜಗತ್ತಿನ ಭಾಷೆಗಳೆಲ್ಲ ತಮ್ಮ ಭಾಷೆಯಿಂದಲೇ ಹುಟ್ಟಿದವೆಂದು ಸಾರುತ್ತಾರೆ. ಇದು ಅಭಿಮಾನವಿರಬಹುದು, ಅರಿವಲ್ಲ. ಭಾಷೆಗಳ ನಂಟನ್ನು ಒಂದು ಮಾತಿನಿಂದ ಅಳೆಯಲಾಗದು. ತಮಿಳಿನ ಪಾಲ್, ಪಲ್, ಪುಲಿ ಎಂಬವು ನಮ್ಮಲ್ಲಿ ಹಾಲು, ಹಲ್ಲು, ಹುಲಿ ಆಗಿವೆ. ಹಳಗನ್ನಡದಲ್ಲಿ ಇವು ಪಕಾರದಿಂದಲೇ ಮೊದಲಾಗುತ್ತಿದ್ದವು. ಇಂಥ ನಿಯಮ ಮಾತುಮಾತಿನಲ್ಲೂ ಮರುಕಳಿಸಿದಾಗ ಮಾತ್ರ ರಕ್ತಸಂಬಂಧ ಸಿದ್ಧವಾಗುತ್ತದೆ.

ಹಾಗಾದರೆ ಪಾಪಾ, ಮಾಮಾ, ಅಪ್ಪ, ಅಮ್ಮ ಎಂಬಂಥವು ಇಷ್ಟು ದೇಶಗಳಲ್ಲಿ ಏಕೆ ಇವೆ? ರೋಮನ್ ಯಾಕೊಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಇದನ್ನು ಚರ್ಚಿಸಿದ್ದಾರೆ. ತುಟಿ ಮುಚ್ಚಿ ತೆರೆದರೆ ಪಕಾರ, ಮಕಾರ. ಬಾಯಿ ಅಗಲಿಸಿದರೆ ಆಕಾರ. ಹಸುಳೆಗೆ ಮೊದಲು ಒದಗುವ ದನಿಗಳು ಇವೇ. ಮಗು ಸುಮ್ಮನೆ ತೊದಲುತ್ತದೆ. ಕೇಳಿದ ತಂದೆತಾಯಿಗಳು ತಮ್ಮನ್ನೇ ಕರೆಯಿತೆಂದು ಹಿಗ್ಗುತ್ತಾರೆ. ಅರ್ಥ ಕಟ್ಟುವವರು ಹಿರಿಯರು. ಆದುದರಿಂದ ಊರಿಗೊಂದು ಅರ್ಥ. ಜಾರ್ಜಿಯಾ ದೇಶದ ಭಾಷೆಯಲ್ಲಂತೂ ‘ಮಾಮಾ’ ಎಂದರೆ ತಂದೆ, ತಾಯಿಗೆ ‘ದೇದಾ’!

ಅರ್ಥವು ದನಿಯೊಳಗೆ ಹುದುಗಿಲ್ಲ, ಆಡುವ ಜನರ ಒಪ್ಪಂದದಲ್ಲಿದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಆ ಹುಡುಗನ ಮುಂದೆ ಮರೆತೆ. ನಮ್ಮ ಊರಿನ ಅರ್ಥವೇ ಸರಿ, ಉಳಿದದ್ದು ತಪ್ಪು ಎಂಬ ಗರ್ವ ಓದಿದವರಲ್ಲಿಯೇ ಹೆಚ್ಚೆಂದು ತೋರುತ್ತದೆ.

ಮರುದಿನ ನನ್ನ ಬಳಿಯಿದ್ದ ಪುಸ್ತಕವನ್ನೇ ಅವನ ಕೈಗಿತ್ತು, ನಿನ್ನೆ ನಾನು ನಕ್ಕದ್ದು ತಪ್ಪು ಎಂದು ಎಲ್ಲರೆದುರು ಹೇಳಿದೆ. ಅವನು ಪುಸ್ತಕವನ್ನು ಎದೆಗೊತ್ತಿಕೊಂಡು ತನ್ನ ಸ್ಥಳಕ್ಕೆ ಹೋದ. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: “ಮಾಷ್ಟ್ರು ಪಾಪದವರು.” ಈ ಸಲ ನಾನು ನಗಲಿಲ್ಲ. ಅರ್ಥವೇನೆಂದು ಅವರನ್ನೇ ಕೇಳಿದೆ. ಸಾಧು ಸ್ವಭಾವದವರು ಎಂದು ಒಬ್ಬಳು ಹುಡುಗಿ ನಾಚುತ್ತ ವಿವರಿಸಿದಳು.