ಕೂದಲು ಉದುರದ ನಾಯಿ

‘ಪೂಡಲ್ ಸಾಕಿ, ಕೂದಲು ಉದುರಲ್ಲ, ಕೆಲಸವೇ ಇಲ್ಲ’ ಎಂದು ಹೇಳಿ ಮರಿ ಮಾರುತ್ತಾರೆ. ರಾತ್ರಿ ಒಂಬತ್ತಕ್ಕೆ ಫ್ಲ್ಯಾಟ್ ಸೇರುವ ನಮ್ಮಂಥವರಿಗೆ ಈ ಮಾತು ಬಲು ಹಿತ. ಆದರೆ ಅದು ಅರ್ಧ ಸತ್ಯ. ಉದುರಿದ ಕೂದಲು ಸೋಫಾ ಮೇಲೆ ಬೀಳದೆ ಗುಂಗುರಿನೊಳಗೇ ಸಿಕ್ಕಿಕೊಂಡು ಗಂಟು ಕಟ್ಟುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ ಇನ್ನೂ ಜಾಸ್ತಿ. ಮೇಲೆ ಮೇಲೆ ಬ್ರಷ್ ಆಡಿಸಿದರೆ ನಾಯಿ ಮುದ್ದಾಗಿಯೇ ಕಾಣುತ್ತದೆ. ಬುಡದಲ್ಲಿ ಮಾತ್ರ ಚಾಪೆ ಹೆಣೆದಂತೆ ಆಗಿರುತ್ತದೆ. ನಡೆದಾಗಲೆಲ್ಲ ಅದು ಚರ್ಮವನ್ನು ಜಗ್ಗುತ್ತದೆ.

ಸ್ನಾನಕ್ಕೆ ಮೊದಲೇ ಬಾಚಬೇಕು, ನೆನೆದ ಗಂಟು ಇನ್ನಷ್ಟು ಬಿಗಿಯುತ್ತದೆ. ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಸಾಗಿದರಷ್ಟೇ ಬಾಚಿದ ಲೆಕ್ಕ. ಮುಂಬೈಯ ಜುಲೈ ಮಳೆಯಲ್ಲಿ ಟವೆಲ್ ಸಾಲದು, ಡ್ರೈಯರ್ ಹಿಡಿದು ಬುಡದವರೆಗೂ ಒಣಗಿಸಬೇಕು. ಒದ್ದೆ ಉಳಿದರೆ ಚರ್ಮ ಕೆಡುತ್ತದೆ. ಜೊತೆಗೆ 4ರಿಂದ 6 ವಾರಕ್ಕೊಮ್ಮೆ ಕತ್ತರಿ. ಅದರ ಖರ್ಚು ವರ್ಷಪೂರ್ತಿ ಇದ್ದೇ ಇರುತ್ತದೆ.

ಇಷ್ಟು ಪುರುಸೊತ್ತಿಲ್ಲದವರು ರೀಲ್ಸ್‌ನ ಟೆಡ್ಡಿ ಕಟಿಂಗ್ ಆಸೆ ಬಿಟ್ಟು ಕೂದಲನ್ನು ಗಿಡ್ಡವಾಗಿ ಇಡಿಸಿ. ದೀಪಾವಳಿಗೆ ಊರಿಗೆ ಹೊರಟು ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಡುವ ಮುನ್ನವಂತೂ ಕಡ್ಡಾಯವಾಗಿ ಇಡಿಸಿ, ಅಲ್ಲಿ ದಿನಾ ಬಾಚುವವರು ಯಾರು? ಇದನ್ನೆಲ್ಲ ಮರಿ ಮಾರುವಾಗಲೇ ಹೇಳಬೇಕಾದವರು ಮಾರುವವರು. ಅವರು ಹೇಳುವುದಿಲ್ಲ, ನೀವೇ ಕೇಳಿ.