ಕ್ರೆಡಿಟ್ಟಿನ ಲೆಕ್ಕ

ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿಕ್ರಮವು 2024ರಲ್ಲಿ ಮರಳಿ ಮೂರಕ್ಕಿಳಿಯಿತು. ಕ್ರಮವು ಹೀಗೆ ಬದಲಾಗುತ್ತಿರಲು, ಕಾಲೇಜಿಗೆ ಹೊಸಬನಾದವನಿಗೆ ಹಿರಿಯ ವಿದ್ಯಾರ್ಥಿಯ ಮಾತೊಂದೇ ಸಾಲದು; ಲೆಕ್ಕದ ಮೂಲವನ್ನೇ ಅರಿಯತಕ್ಕುದು.

ಸೆಮಿಸ್ಟರ್ ಪರ್ಯಂತ ವಾರಕ್ಕೊಂದು ಗಂಟೆಯ ಉಪನ್ಯಾಸ, ಇಲ್ಲವೆ ಎರಡು ಗಂಟೆಗಳ ಪ್ರಯೋಗವು ಒಂದು ಕ್ರೆಡಿಟ್. ವೇಳಾಪಟ್ಟಿಯೂ ಇದರಿಂದಲೇ ಹುಟ್ಟುವುದು. ದರ್ಜೆಯ ಅಂಕವನ್ನು ಕ್ರೆಡಿಟ್ಟಿನಿಂದ ಗುಣಿಸಿ, ಒಟ್ಟು ಕ್ರೆಡಿಟ್ಟುಗಳಿಂದ ಭಾಗಿಸುವರು. ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ 6, ಎರಡರದರಲ್ಲಿ 9 ಬಂದರೆ ಫಲ 7, ತಿರುಗುಮುರುಗಾದರೆ 8. ಬಂದ ದರ್ಜೆಗಳು ಅವೇ, ಫಲ ಬೇರೆ!

ಓದುಬಲ್ಲ ಮನೆಯ ಮಗನು ಇದನ್ನು ಮೊದಲೇ ತಿಳಿಯುವನು; ಮನೆತನದಲ್ಲಿ ಮೊದಲಿಗನಾಗಿ ಕಾಲೇಜು ಕಂಡವನು ಅಂಕಪಟ್ಟಿ ಬಂದಮೇಲೆ ಅರಿಯುವನು. ಪ್ರವೇಶದ ದಿನವೇ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆಯನ್ನೀಯುವುದು ಕಾಲೇಜುಗಳ ಕರ್ತವ್ಯವೆಂದು ನಾವು ಒತ್ತಿ ಹೇಳುವೆವು.